ಮಗಳ ದೋಣಿಗೆ ಬ್ಯಾಟರಿ ಕೊಂಡದ್ದು

ಮೋಟಾರು ದೋಣಿಗೆ ಬ್ಯಾಟರಿ ಆರಿಸುವುದರ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿ ನಕ್ಕರು. "ಸಾಗರದಲ್ಲಿ ಮೋಟಾರು ದೋಣಿ ಇಟ್ಟುಕೊಂಡವರು ಯಾರಿದ್ದಾರೆ ಮಾರಾಯ್ತಿ? ಉಪ್ಪಿನಕಾಯಿ ವಿಷಯ ಬರಿ" ಅಂದರು. ಉಪ್ಪಿನಕಾಯಿ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮಳೆಗಾಲದಲ್ಲಿ ಗಳಿಗೆಗೊಮ್ಮೆ ಕರೆಂಟು ಹೋಗುವ ನಮ್ಮ ಊರುಗಳಲ್ಲಿ ಇನ್ವರ್ಟರ್ ಇಲ್ಲದ ಮನೆ ಈಗ ಎಷ್ಟಿವೆ ಹೇಳಿ? ಅದರ ಬ್ಯಾಟರಿಯಲ್ಲಿ ಡಿಸ್ಟಿಲ್ಡ್ ವಾಟರ್ ಇಳಿದಿದೆಯೇ ಎಂದು ಬಗ್ಗಿ ನೋಡುವವರು ಯಾರು? ಗಂಡಸರಂತೂ ಅಲ್ಲ. ನಮ್ಮನೆಯಲ್ಲಿ ಹದಿನೈದು ವರ್ಷದಿಂದ ಆ ಕೆಲಸ ನನ್ನದೇ. ದೋಣಿಯ ಬ್ಯಾಟರಿ ನಮ್ಮ ಇನ್ವರ್ಟರ್ ಬ್ಯಾಟರಿಯ ದಾಯಾದಿಯೇ ಹೊರತು ಬೇರೆ ಕುಲದ್ದೇನಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನ ಮಗಳ ಸಂಸಾರ ಇರುವುದು ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ಊರಿನ ಹೊರಗೆ. ಆ ರಾಜ್ಯದ ಕಾರುಗಳ ಸಾಮಾನ್ಯ ನಂಬರ್ ಪ್ಲೇಟಿನ ಮೇಲೆ ಹತ್ತು ಸಾವಿರ ಸರೋವರಗಳು ಎಂದು ಬರೆದಿರುತ್ತದೆ. ಜಂಬವಲ್ಲ, ಎಣಿಸಿದರೆ ಇನ್ನೂ ಹೆಚ್ಚೇ ಇವೆ. ಚಳಿಗಾಲದಲ್ಲಿ ಅವೆಲ್ಲ ಕಲ್ಲಿನಂತೆ ಹೆಪ್ಪುಗಟ್ಟಿ, ಜನ ಅವುಗಳ ಮೇಲೆ ನಡೆದಾಡುತ್ತಾರೆ, ತೂತು ಕೊರೆದು ಮೀನು ಹಿಡಿಯುತ್ತಾರೆ. ಏಪ್ರಿಲ್ ತಿಂಗಳಲ್ಲಿ ನೀರು ಕರಗಿತೋ ಇಲ್ಲವೋ, ನಮ್ಮಲ್ಲಿ ಬಿಸಿಲು ಬಿದ್ದ ಕೂಡಲೇ ಹಪ್ಪಳ ಸಂಡಿಗೆಗೆ ಮಾಳಿಗೆ ಹತ್ತಿದ ಹಾಗೆ, ಊರಿಗೆ ಊರೇ ದೋಣಿಗಳನ್ನು ಹೊರಗೆ ಎಳೆಯುತ್ತದೆ. 2025ರ ಏಪ್ರಿಲ್‌ನಲ್ಲಿ ನಾನು ಅಲ್ಲಿ ಹೋಗಿ ಇಳಿದದ್ದು ಸರಿಯಾಗಿ ಆ ಗಡಿಬಿಡಿಯ ಹೊತ್ತಿಗೆ.

ಅಳಿಯಂದಿರು ಎರಡನೆಯ ಕೈಯಲ್ಲಿ ಕೊಂಡ ದೋಣಿಗೆ ಪಾಂಟೂನ್ ಎನ್ನುತ್ತಾರೆ. ಎರಡು ಉದ್ದನೆಯ ಅಲ್ಯೂಮಿನಿಯಂ ಕೊಳವೆ, ಅದರ ಮೇಲೊಂದು ಚಪ್ಪಟೆ ಜಗಲಿ, ಸುತ್ತ ಕಟಕಟೆ, ಕೂರಲು ಸೋಫಾ. ಸೀರೆ ಉಟ್ಟುಕೊಂಡೇ ಹತ್ತಬಹುದು. ನನಗಂತೂ ನಮ್ಮ ಸಿಗಂದೂರಿನ ಲಾಂಚ್ ಮರಿ ಹಾಕಿದೆಯೇನೋ ಅನ್ನಿಸಿತು. ಬಸ್ಸು ಕಾರುಗಳನ್ನೇ ಹೊತ್ತು ಶರಾವತಿ ಹಿನ್ನೀರು ದಾಟಿಸುತ್ತಿದ್ದ ಆ ಲಾಂಚಿನ ಜಾಗಕ್ಕೆ ಸೇತುವೆ ಬಂದು ಉದ್ಘಾಟನೆಯಾದದ್ದೂ ನಾನು ಅಲ್ಲಿದ್ದಾಗಲೇ, 2025ರ ಜುಲೈ 14ರಂದು. ಮಗಳೂ ನಾನೂ ಫೋನಿನಲ್ಲಿ ಚಿತ್ರ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಇರಲಿ. ಪಾಂಟೂನನ್ನು ಕಂಡುಹಿಡಿದವನೂ ಮಿನೆಸೋಟದವನೇ, ಆಂಬ್ರೋಸ್ ವೀರೆಸ್ ಎಂಬ ರೈತ. 1950ರ ದಶಕದ ಮೊದಲಲ್ಲಿ ಉಕ್ಕಿನ ಪೀಪಾಯಿಗಳನ್ನು ಒಂದರ ತುದಿಗೊಂದು ಬೆಸೆದು, ಮೇಲೆ ಮರದ ಹಾಸು ಹಾಕಿ ತೇಲಿಸಿದನಂತೆ.

ಹಿಂಬದಿಗೆ ತೂಗುಹಾಕುವ ಮೋಟಾರಿನ ಕಥೆ ಇನ್ನೂ ಚೆನ್ನ. ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಓಲೆ ಎವಿನ್‌ರೂಡ್ ಎನ್ನುವವನು ತಾನು ಮದುವೆಯಾಗಲಿದ್ದ ಹುಡುಗಿ ಬೆಸ್‌ಗೆ ಐಸ್‌ಕ್ರೀಮ್ ತರಲು ಸರೋವರದ ಆಚೆ ದಡಕ್ಕೆ ಹುಟ್ಟು ಹಾಕುತ್ತಾ ಹೋದ, ಬರುವುದರೊಳಗೆ ಅದು ಕರಗಿ ನೀರಾಗಿತ್ತು, ಆ ಸಿಟ್ಟಿಗೇ ಮೋಟಾರು ಮಾಡಿದ ಎನ್ನುತ್ತಾರೆ. 1909ರಲ್ಲಿ ಮಾರಲು ಶುರು ಮಾಡಿದ. ಮೋಟಾರು ಅವನದಾದರೂ ವ್ಯಾಪಾರ ನಡೆಸಿದ್ದು ಬೆಸ್. ಹುಟ್ಟುಗಳನ್ನು ಎಸೆದು ಮೋಟಾರು ಕೊಳ್ಳಿ ಎಂಬ ಅರ್ಥದ ಹೆಸರಾದ ಜಾಹೀರಾತು ಬರೆದದ್ದೂ ಅವಳೇ. ದೋಣಿ ಮೋಟಾರು ಗಂಡಸರ ಸಾಮ್ರಾಜ್ಯ ಅಂತ ಯಾರಾದರೂ ಅಂದರೆ ಇದನ್ನು ಹೇಳಬಹುದು.

ನಮ್ಮ ಮನೆಯ ಸಂಗತಿಗೆ ಬರುತ್ತೇನೆ. 2024ರ ಸೆಪ್ಟೆಂಬರಿನ ಒಂದು ಸಂಜೆ ಮಗಳು ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಿನೆಟಾಂಕಾ ಎಂಬ ದೊಡ್ಡ ಸರೋವರಕ್ಕೆ ಹೋಗಿದ್ದಳು. ಅಳಿಯಂದಿರು ಕೆಲಸದ ಮೇಲೆ ಪರಊರಿನಲ್ಲಿದ್ದರು. ಲಂಗರು ಹಾಕಿ, ಎಂಜಿನ್ ಆರಿಸಿ, ಹಾಡು ಹಚ್ಚಿಕೊಂಡು ಮೂರು ಗಂಟೆ ಕಳೆದಿದ್ದಾರೆ. ಹೊರಡೋಣ ಅಂತ ಕೀಲಿ ತಿರುಗಿಸಿದರೆ 'ಟಕ್' ಅಂದಿತು, ಅಷ್ಟೇ. ಗಾಳಿ ಎದ್ದಿತ್ತು, ಬೆಳಕು ಇಳಿಯುತ್ತಿತ್ತು. ದೀಪ ಹಾಕೋಣವೆಂದರೆ ಅದಕ್ಕೂ ಅದೇ ಸತ್ತ ಬ್ಯಾಟರಿ. ಮುಕ್ಕಾಲು ಗಂಟೆ ಕಳೆದ ಮೇಲೆ ಯಾರೋ ಪುಣ್ಯಾತ್ಮರು ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದರಂತೆ.

ಇದನ್ನು ಅವಳು ನನಗೆ ಫೋನಿನಲ್ಲಿ ಹೇಳಿರಲಿಲ್ಲ. ಹೇಳಿದ್ದು ಮೊಮ್ಮಗಳು. "ಅವತ್ತು ಅಮ್ಮ ಅತ್ತಳು ಅಜ್ಜಿ, ನಾವು ನೋಡಲಿಲ್ಲ ಅಂದುಕೊಂಡಿದ್ದಾಳೆ" ಅಂತ. ಅಲ್ಲಿಂದ ಮುಂದೆ ಮಗಳು ಒಬ್ಬಳೇ ದೋಣಿ ಹತ್ತಿಲ್ಲ. ಎಂಟು ವರ್ಷದಿಂದ ಹಿಮದಲ್ಲಿ ಕಾರು ಓಡಿಸುವವಳು ಅವಳು! "ಅದೆಲ್ಲ ಅವರಿಗೇ ಗೊತ್ತಮ್ಮ, ಅವರಿದ್ದಾಗ ಹೋದರಾಯಿತು" ಅಂತ ಹೇಳಿ ಮಾತು ಬದಲಿಸಿದಳು. ನನಗೆ ಬ್ಯಾಟರಿಗಿಂತ ಆ ಮಾತೇ ಹೆಚ್ಚು ಕೊರೆಯಿತು.

ಅಳಿಯಂದಿರ ಪರಿಹಾರ ಸುಲಭದ್ದು. ಪಕ್ಕದ ಮನೆಯವರು ಹೊಗಳಿದ ಲಿಥಿಯಂ ಬ್ಯಾಟರಿ, ಅದರಲ್ಲೂ ಎಲ್ಲಕ್ಕಿಂತ ದೊಡ್ಡದು ತಂದು ಹಾಕಿದರೆ ಮುಗಿಯಿತು ಅಂದರು. ಬೆಲೆ ಕೇಳಿದರೆ ಸೀಸದ ಬ್ಯಾಟರಿಯ ಎರಡು ಮೂರು ಪಟ್ಟು. ಊಟದ ಮೇಜಿನ ಮೇಲೆ ನಾನು ಒಂದೇ ಪ್ರಶ್ನೆ ಕೇಳಿದೆ: ಹಳೆಯದು ಯಾಕೆ ಸತ್ತಿತು? ಯಾರಿಗೂ ಗೊತ್ತಿರಲಿಲ್ಲ. ಸಾವಿನ ಕಾರಣ ತಿಳಿಯದೆ ಹೊಸದನ್ನು ತಂದರೆ ಅದಕ್ಕೂ ಅದೇ ಗತಿ ತಾನೇ? ಅಳಿಯಂದಿರು ನಕ್ಕರು, ಆದರೆ ಮರುದಿನ ಮೀಟರು ತಂದುಕೊಟ್ಟರು. ಒಳ್ಳೆಯ ಹುಡುಗ, ಅದನ್ನು ಹೇಳಲೇಬೇಕು.

ದೋಣಿಯಲ್ಲಿ ಎರಡು ಬ್ಯಾಟರಿ ಇದ್ದವು. ಚಳಿಗಾಲವಿಡೀ ದೋಣಿಯ ಜೊತೆಗೇ ಅಂಗಳದಲ್ಲಿ ಹೊದಿಕೆಯ ಕೆಳಗೆ ಕೂತಿದ್ದವು. ಒಂದರ ಹೊಟ್ಟೆ ಎರಡೂ ಕಡೆ ಉಬ್ಬಿತ್ತು. ನೋಡಿದ ಕೂಡಲೇ, ಇದನ್ನು ಚಾರ್ಜಿಗೆ ಹಾಕುವುದಲ್ಲ ಅಂದೆ. ಬ್ಯಾಟರಿ ತುಂಬಿದ್ದಾಗ ಒಳಗಿನ ದ್ರಾವಣ ಗಟ್ಟಿ ಆಮ್ಲ, ಮಿನೆಸೋಟದ ಚಳಿಗೂ ಅದು ಹೆಪ್ಪುಗಟ್ಟುವುದಿಲ್ಲ. ಖಾಲಿಯಾದಾಗ ಅದು ಹೆಚ್ಚುಕಡಿಮೆ ನೀರೇ, ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೋದರೆ ಸಾಕು, ಮಂಜಾಗಿ ಹಿಗ್ಗಿ ತಟ್ಟೆಗಳನ್ನು ಮುರಿದು ಡಬ್ಬಿಯನ್ನೂ ಉಬ್ಬಿಸುತ್ತದೆ. ಅಂಥದ್ದಕ್ಕೆ ಕರೆಂಟು ಕೊಟ್ಟರೆ ಸಿಡಿಯುವ ಭಯ ಉಂಟು.

ಇನ್ನೊಂದು ನೋಡಲು ಚೆನ್ನಾಗಿಯೇ ಇತ್ತು. ಒಂದು ಹಗಲು ಚಾರ್ಜು ಮಾಡಿ, ರಾತ್ರಿಯೆಲ್ಲ ಸುಮ್ಮನೆ ಬಿಟ್ಟು ಬೆಳಿಗ್ಗೆ ಮೀಟರು ಹಿಡಿಸಿದೆ, ಮಗಳ ಕೈಯಲ್ಲೇ. ಕೆಂಪು ಕಡ್ಡಿ ಕೂಡಿಸುವ ಗುರುತಿಗೆ, ಕಪ್ಪು ಕಡ್ಡಿ ಕಳೆಯುವ ಗುರುತಿಗೆ. 12.5 ತೋರಿಸಿತು. ಹನ್ನೆರಡು ವೋಲ್ಟಿನ ಬ್ಯಾಟರಿಯೊಳಗೆ ಎರಡೆರಡು ವೋಲ್ಟಿನ ಆರು ಕೋಣೆ ಇರುತ್ತವೆ. ಪೂರ್ತಿ ತುಂಬಿ ವಿಶ್ರಾಂತಿ ಪಡೆದಾಗ 12.6, 12.7 ಇರಬೇಕು, 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಇಳಿದರೆ ಹೆಚ್ಚುಕಡಿಮೆ ಬರಿದು. ಇವು ನಮ್ಮ ಇನ್ವರ್ಟರಿಗೂ ಹೊಂದುವ ಅಂಕಿಗಳೇ. "ನೋಡಮ್ಮ, ಇದು ಚೆನ್ನಾಗಿದೆ" ಅಂದಳು ಮಗಳು. ಹಾಲು ಒಡೆದಿದೆಯೋ ಇಲ್ಲವೋ ಗೊತ್ತಾಗುವುದು ಕಾಯಿಸಿದಾಗ, ಪಾತ್ರೆಯಲ್ಲಿ ಇಟ್ಟು ನೋಡಿದರಲ್ಲ ಅಂದೆ. ಅಲ್ಲಿ ವಾಹನದ ಬಿಡಿಭಾಗಗಳ ಎಷ್ಟೋ ಅಂಗಡಿಗಳಲ್ಲಿ ದುಡ್ಡಿಲ್ಲದೆ ಭಾರ ಹೊರಿಸಿ ಪರೀಕ್ಷೆ ಮಾಡಿಕೊಡುತ್ತಾರೆ. ಒಯ್ದು ತೋರಿಸಿದರೆ ಭಾರ ಬಿದ್ದ ಕೂಡಲೇ ಮುಳ್ಳು ಒಂಬತ್ತಕ್ಕಿಂತ ಕೆಳಗೆ ಕುಸಿಯಿತು. ಅರ್ಧ ಖಾಲಿ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ತಟ್ಟೆಗಳ ಮೇಲೆ ಸೀಸದ ಸಲ್ಫೇಟು ಹಳೆಯ ಜೇನುತುಪ್ಪದಂತೆ ಹರಳುಗಟ್ಟಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಅದು ಕರಗುವುದಿಲ್ಲ.

ಇನ್ನು ಸೆಪ್ಟೆಂಬರಿನ ಆ ಸಂಜೆಯ ಗುಟ್ಟು ಸೀಟಿನ ಕೆಳಗಿದ್ದ ಒಂದು ದುಂಡನೆಯ ಸ್ವಿಚ್ಚಿನಲ್ಲಿತ್ತು. ಒಂದು, ಎರಡು, ಎರಡೂ, ಬಂದ್ ಎಂದು ನಾಲ್ಕು ಗುರುತು. ಮುಳ್ಳು 'ಎರಡೂ' ಎಂಬಲ್ಲಿ ನಿಂತಿತ್ತು, ಮೊದಲಿಂದ ಹಾಗೇ ಇತ್ತಂತೆ. ಅಂದರೆ ಹಾಡಿನ ಪೆಟ್ಟಿಗೆ ಎರಡು ಬ್ಯಾಟರಿಯ ರಕ್ತವನ್ನೂ ಒಟ್ಟಿಗೇ ಹೀರಿತ್ತು. ಎರಡು ಬ್ಯಾಟರಿ ಇಟ್ಟುಕೊಂಡ ಉದ್ದೇಶವೇ ಒಂದು ಖಾಲಿಯಾದರೆ ಇನ್ನೊಂದು ಮನೆ ಸೇರಿಸಲಿ ಎಂದಲ್ಲವೇ? ಎಷ್ಟು ದೊಡ್ಡ ಲಿಥಿಯಂ ತಂದಿದ್ದರೂ ಆ ಸ್ವಿಚ್ಚು ಹಾಗೇ ಇದ್ದರೆ ಇನ್ನೊಂದು ಗಂಟೆ ಹೆಚ್ಚು ಹಾಡು ಕೇಳಿ ಆಮೇಲೆ ಸಿಕ್ಕಿಕೊಳ್ಳುತ್ತಿದ್ದರು. ಮಗಳು ಆ ಸ್ವಿಚ್ಚನ್ನೇ ತುಂಬಾ ಹೊತ್ತು ನೋಡಿದಳು. "ಇಷ್ಟೇನಾ?" ಅಂದಳು. ಇಷ್ಟೇ.

ಈಗ ಕೊಳ್ಳುವ ವಿಷಯ. ಬ್ಯಾಟರಿಗಳಲ್ಲಿ ಎರಡು ಸ್ವಭಾವ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯೊಳಗೆ ತೆಳು ತಟ್ಟೆಗಳು ಬಹಳ ಇರುತ್ತವೆ. ಕೆಲವು ಸೆಕೆಂಡು ಭಾರಿ ಕರೆಂಟು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಮದುವೆ ಮನೆಯಲ್ಲಿ ಹಂಡೆ ಎತ್ತಿಕೊಟ್ಟು ಹೋಗುವ ಜಟ್ಟಿಯ ಹಾಗೆ. ಅವನನ್ನೇ ಬೆಳಗಿನಿಂದ ಸಂಜೆವರೆಗೆ ಬಡಿಸಲು ಹಚ್ಚಿದರೆ ಎರಡು ದಿನಕ್ಕೆ ಮಲಗುತ್ತಾನೆ. ಹಾಡು, ದೀಪ, ಆಳ ತೋರಿಸುವ ಯಂತ್ರ ಇವುಗಳಿಗೆ ಬೇಕಾದದ್ದು ದಪ್ಪ ತಟ್ಟೆಯ, ನಿಧಾನವಾಗಿ ಬಹಳ ಹೊತ್ತು ಕೊಡುವ ಡೀಪ್ ಸೈಕಲ್ ಬ್ಯಾಟರಿ. ನಮ್ಮ ಮನೆಯ ಟ್ಯೂಬುಲರ್ ಈ ಜಾತಿಯದು. ಕಾರಿನ ಬ್ಯಾಟರಿಯನ್ನು ಇನ್ವರ್ಟರಿಗೆ ಹಾಕಿ ವರ್ಷದೊಳಗೆ ಕೆಡಿಸಿಕೊಂಡವರನ್ನು ನೀವೂ ನೋಡಿರುತ್ತೀರಿ. ಎರಡೂ ಕೆಲಸಕ್ಕೆ ಆಗುತ್ತದೆ ಎನ್ನುವ ನಡುವಿನ ಜಾತಿಯೂ ಉಂಟು. ಒಂದೇ ಬ್ಯಾಟರಿಗೆ ಜಾಗವಿರುವ ಚಿಕ್ಕ ದೋಣಿಗೆ ಅದು ಸರಿ. ಎರಡಕ್ಕೆ ಜಾಗವಿದ್ದಾಗ ಬೇರೆಬೇರೆ ಇಡುವುದೇ ಮೇಲು.

ಅಂಗಡಿಗೆ ಹೋದರೆ ಅಂಕಿಗಳ ಜಾತ್ರೆ. ಚಾಲೂ ಮಾಡುವ ಬ್ಯಾಟರಿಯ ಮೇಲೆ ಸಿ.ಸಿ.ಎ. ಎಂದೊಂದು ಅಂಕಿ, ಎಂ.ಸಿ.ಎ. ಎಂದು ಇನ್ನೊಂದು. ಮೊದಲನೆಯದು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಅದು 30 ಸೆಕೆಂಡು ಕೊಡಬಲ್ಲ ಕರೆಂಟು. ಎರಡನೆಯದು ಸೊನ್ನೆ ಡಿಗ್ರಿಯಲ್ಲಿ ಅಳೆದದ್ದು. ಚಳಿ ಕಡಿಮೆಯಾದಾಗ ಬ್ಯಾಟರಿಗೆ ಶಕ್ತಿ ಹೆಚ್ಚು, ಹಾಗಾಗಿ ಒಂದೇ ಬ್ಯಾಟರಿಗೆ ಎಂ.ಸಿ.ಎ. ಅಂಕಿ ದೊಡ್ಡದು. ಒಂದರ ಸಿ.ಸಿ.ಎ.ಯನ್ನು ಇನ್ನೊಂದರ ಎಂ.ಸಿ.ಎ. ಜೊತೆ ಹೋಲಿಸಿದಿರೋ, ಸೇರಿನಲ್ಲಿ ಅಳೆದದ್ದನ್ನು ಪಾವಿನಲ್ಲಿ ಅಳೆದದ್ದಕ್ಕೆ ಹೋಲಿಸಿದ ಹಾಗಾಯಿತು. ಎಂಜಿನ್ನಿನ ಕೈಪಿಡಿಯಲ್ಲಿ ಎಷ್ಟು ಬೇಕೆಂದು ಬರೆದೇ ಇತ್ತು. ಇಷ್ಟು ವರ್ಷ ಅದರ ಪ್ಲಾಸ್ಟಿಕ್ ಲಕೋಟೆಯನ್ನೇ ಯಾರೂ ಬಿಚ್ಚಿರಲಿಲ್ಲ!

ನಮ್ಮಲ್ಲೂ ಈ ಆಟ ಇದೆ, ಹೇಳಿಬಿಡುತ್ತೇನೆ. 150 ಎ.ಎಚ್. ಎಂದು ಬರೆದ ಎರಡು ಇನ್ವರ್ಟರ್ ಬ್ಯಾಟರಿಗಳಲ್ಲಿ ಒಂದರ ಮೇಲೆ ಸಿ-20 ಎಂದಿದ್ದರೆ ಅದು 20 ಗಂಟೆಯಲ್ಲಿ ನಿಧಾನವಾಗಿ ಖಾಲಿ ಮಾಡಿದಾಗಿನ ಲೆಕ್ಕ. ಸಿ-10 ಎಂದಿದ್ದರೆ 10 ಗಂಟೆಯದು. ಅವಸರದಲ್ಲಿ ಖಾಲಿ ಮಾಡಿದರೆ ಯಾವ ಬ್ಯಾಟರಿಯೂ ಕಡಿಮೆಯೇ ಕೊಡುತ್ತದೆ, ಆದ್ದರಿಂದ ಅದೇ 150ಕ್ಕೆ ಸಿ-10 ಇರುವುದೇ ಗಟ್ಟಿ ಸಾಮಾನು. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ.

ಎರಡನೆಯ ಬ್ಯಾಟರಿ ಎಷ್ಟು ದೊಡ್ಡದು ಬೇಕು ಎಂಬ ಲೆಕ್ಕವನ್ನು ಮಗಳೇ ಮಾಡಿದಳು, ನಾನು ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತಾ ಕೂತಿದ್ದೆ. ನೆಂಟರಿಗೆ ಅಕ್ಕಿ ಅಳೆದ ಹಾಗೇ ಇದು. ಯಾವ ಸಾಮಾನಿಗೆ ಎಷ್ಟು ವ್ಯಾಟ್ ಎಂದು ನೋಡಿ 12ರಿಂದ ಭಾಗಿಸಿದರೆ ಆಂಪಿಯರ್ ಬಂತು. ಹಾಡಿಗೆ 4, ಆಳ ತೋರಿಸುವುದಕ್ಕೆ 1, ದೀಪಕ್ಕೆ 1, ಫೋನುಗಳಿಗೆ 1, ಒಟ್ಟು 7. ಐದು ಗಂಟೆ ಇದ್ದರೆ 35. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದಷ್ಟೂ ಅದರ ಆಯಸ್ಸು ಇಳಿಯುತ್ತದೆ, ಆದ್ದರಿಂದ 70 ಬೇಕು. 80ರ ಹತ್ತಿರದ್ದು ಕೊಂಡರೆ ಧಾರಾಳ. ಅಳಿಯಂದಿರು ಕರೆಂಟಿನ ತಂಪು ಪೆಟ್ಟಿಗೆಯನ್ನೂ ಸೇರಿಸಲು ನೋಡಿದರು. ಮೊಸರನ್ನದ ಡಬ್ಬಿಗೆ ಎರಡು ಮುಷ್ಟಿ ಐಸು ಸಾಲದೇ ಅಂದೆ. ಅದು ಪಟ್ಟಿಯಿಂದ ಹೋಯಿತು.

ಲಿಥಿಯಂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಸೀಸದ್ದರ ಅರ್ಧ ತೂಕ, ತುಂಬಿದ್ದರಲ್ಲಿ ಬಹುಪಾಲು ಬಳಸಬಹುದು, ಬಾಳಿಕೆಯೂ ಹೆಚ್ಚು. ದಿನವಿಡೀ ವಿದ್ಯುತ್ ಮೋಟಾರಿನಲ್ಲಿ ಮೆಲ್ಲಗೆ ಸುತ್ತುತ್ತಾ ಮೀನು ಹಿಡಿಯುವವರಿಗೆ ಕೊಟ್ಟ ದುಡ್ಡು ವಸೂಲಾಗುತ್ತದೆ. ಆದರೆ ಅದಕ್ಕೆ ಹೊಂದುವ ಚಾರ್ಜರೇ ಬೇಕು. ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜು ಮಾಡಬಾರದು. ಅದರೊಳಗಿನ ರಕ್ಷಣಾ ಯಂತ್ರ ಯಾವ ಗಳಿಗೆಯಲ್ಲಾದರೂ ತಾನಾಗಿ ಬಂದ್ ಆಗಬಹುದು. ಎಂಜಿನ್ ಚಾಲೂ ಮಾಡುವುದಕ್ಕೆ ಅವುಗಳಲ್ಲಿ ಹಲವು ಹೇಳಿಸಿದ್ದೇ ಅಲ್ಲ. ವರ್ಷಕ್ಕೆ ಐದು ತಿಂಗಳು, ಶನಿವಾರ ಭಾನುವಾರ ಓಡುವ ದೋಣಿಗೆ ಅಷ್ಟು ದುಡ್ಡು ಯಾಕೆ? ನೀರು ಹಾಕುವ ಸಾದಾ ಸೀಸದ ಬ್ಯಾಟರಿ ಎಲ್ಲಕ್ಕಿಂತ ಅಗ್ಗ. ಆದರೆ ಅಲೆಗೆ ಕುಲುಕುವಾಗ ಆಮ್ಲ ತುಳುಕುತ್ತದೆ, ಸೀಟಿನ ಕೆಳಗೆ ಬಗ್ಗಿ ನೀರು ತುಂಬುವುದೂ ಕಷ್ಟ. ಕೊನೆಗೆ ಆರಿಸಿದ್ದು ಎ.ಜಿ.ಎಂ. ಎನ್ನುವ ನಡುದಾರಿ. ಅದರಲ್ಲೂ ಸೀಸವೇ, ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿ ಮುಚ್ಚಿರುತ್ತಾರೆ. ಚೆಲ್ಲುವುದಿಲ್ಲ, ನೀರು ಕೇಳುವುದಿಲ್ಲ, ಸುಮ್ಮನೆ ಇಟ್ಟಾಗ ನಿಧಾನವಾಗಿ ಇಳಿಯುತ್ತದೆ. ಎಂಜಿನ್ನಿಗೊಂದು ಚಾಲೂ ಮಾಡುವುದು, ಹಾಡು ದೀಪಕ್ಕೊಂದು ಡೀಪ್ ಸೈಕಲ್. ಎರಡೂ ಒಂದೇ ಜಾತಿ, ಒಂದೇ ದಿನ ಕೊಂಡದ್ದು, ಒಂದೇ ಚಾರ್ಜರು.

ಬ್ಯಾಟರಿ ತಯಾರಾದ ತಿಂಗಳು ನೋಡದೆ ಕೊಳ್ಳಬೇಡಿ. ಅಲ್ಲಿಯ ಕೆಲವದರ ಮೇಲೆ ಒಂದು ಅಕ್ಷರ, ಒಂದು ಅಂಕಿ ಒತ್ತಿರುತ್ತಾರೆ, ಮೊದಲ ಅಕ್ಷರ ಜನವರಿ, ಎರಡನೆಯದು ಫೆಬ್ರವರಿ, ಹೀಗೆ, ಅಂಕಿ ಇಸವಿಯದು. ಮುಂದೆ ಇಟ್ಟಿದ್ದದ್ದು ಹತ್ತು ತಿಂಗಳು ಹಳೆಯದು. ಮಗಳೇ ಓದಿ, ಒಳಗಿಂದ ಎರಡು ತಿಂಗಳಿನದು ತರಿಸಿದಳು. ಹಳೆಯದನ್ನು ತಂದುಕೊಟ್ಟರೆ ವಾಪಸು ಕೊಡುವ ಠೇವಣಿಯೊಂದನ್ನು ಬೆಲೆಯ ಜೊತೆಗೆ ಹಿಡಿಯುತ್ತಾರೆ, ಸೀಸ ಮಣ್ಣಿಗೆ ನೀರಿಗೆ ಸೇರಬಾರದೆಂದು. ನಮ್ಮ ದೇಶದಲ್ಲೂ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಕರದ್ದೇ. ಗುಜರಿಯವನಿಗೆ ಕೊಟ್ಟರೆ ಹಿತ್ತಲಲ್ಲಿ ಒಡೆದು ಆಮ್ಲ ಚರಂಡಿಗೆ ಬಿಡುತ್ತಾನೆ. ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಮುರಿದುಕೊಳ್ಳಿ.

ಕೂರಿಸುವ ದಿನ ಮೊದಲು ಮಗಳ ಕೈಯ ಚಿನ್ನದ ಬಳೆ, ಕೊರಳಿನ ಸರ ತೆಗೆಸಿದೆ. ನಗಬೇಡಿ, ಎರಡು ತುದಿಗಳ ನಡುವೆ ಸರ ಬಿದ್ದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಚರ್ಮ ಸಮೇತ. ಬಿಚ್ಚುವಾಗ ಕಳೆಯುವ ಗುರುತಿನ ತಂತಿ ಮೊದಲು, ಕೂಡಿಸುವಾಗ ಅದೇ ಕೊನೆಗೆ. ತಂತಿಯ ತುದಿಗೆ ಹಿಡಿದಿದ್ದ ಬಿಳಿ ಹಸಿರು ಕಿಲುಬನ್ನು ಅಡಿಗೆ ಸೋಡಾ ಕಲಸಿದ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದೆವು. ಒಂದೊಂದು ಬ್ಯಾಟರಿ ಹೆಚ್ಚುಕಡಿಮೆ 25 ಕೆ.ಜಿ. ಅಕ್ಕಿ ಚೀಲದಷ್ಟು ಭಾರ, ಎತ್ತಿಕೊಟ್ಟದ್ದು ಅಳಿಯಂದಿರು. ಡಬ್ಬಿಯಲ್ಲಿಟ್ಟು ಪಟ್ಟಿಯಿಂದ ಬಿಗಿದ ಮೇಲೆ ಎಳೆದು ನೋಡಿದೆವು. ಒಂದು ಅಂಗುಲಕ್ಕಿಂತ ಹೆಚ್ಚು ಅಲುಗಬಾರದು. ಸ್ವಿಚ್ಚಿನ ಕಥೆ ಮತ್ತೆ ಮರುಕಳಿಸದಂತೆ ಮೆಕ್ಯಾನಿಕ್ಕಿನಿಂದ ಒಂದು ರಿಲೇ ಹಾಕಿಸಿದರು. ಎಂಜಿನ್ ಓಡುವಾಗ ಎರಡಕ್ಕೂ ಚಾರ್ಜು ಹೋಗುತ್ತದೆ, ನಿಂತಾಗ ಎರಡೂ ತಾವಾಗಿ ಬೇರೆಯಾಗುತ್ತವೆ. ಆದರೂ ಮಗಳು ಸ್ವಿಚ್ಚಿನ ಪಕ್ಕದಲ್ಲಿ ಯಾವುದು ಯಾವುದಕ್ಕೆ ಎಂದು ಕನ್ನಡದಲ್ಲೇ ಚೀಟಿ ಬರೆದು ಅಂಟಿಸಿದ್ದಾಳೆ. ಅಳಿಯಂದಿರು ತೆಲುಗಿನವರು, ಅವರಿಗೆ ಕನ್ನಡ ಓದಲು ಬಾರದು!

ಜೂನ್ ತಿಂಗಳ ಒಂದು ಬುಧವಾರ, ಅಳಿಯಂದಿರು ಊರಲ್ಲಿಲ್ಲದಾಗ, ಮಗಳು ತಾನಾಗಿ "ಹೋಗೋಣ್ವಾ" ಅಂದಳು. ಮಕ್ಕಳು, ನಾನು, ಒಂದು ಡಬ್ಬಿ ಚಿತ್ರಾನ್ನ. ಲಂಗರು ಹಾಕಿ ಎಂಜಿನ್ ಆರಿಸುವ ಮುಂಚೆ ಅವಳ ಕೈ ಸ್ವಲ್ಪ ತಡೆಯಿತು, ನಾನು ನೋಡದ ಹಾಗೆ ಇದ್ದೆ. ಎರಡು ಗಂಟೆ ಕಳೆದ ಮೇಲೆ ಮೀಟರು ಹಿಡಿದು ನೋಡಿದಳು, ಹಾಡಿನ ಬ್ಯಾಟರಿ 12.5, ಎಂಜಿನ್ನಿನದು 12.8. ಕೀಲಿ ತಿರುಗಿಸಿದಳು, ಒಂದೇ ಸಲಕ್ಕೆ ಹೊತ್ತಿಕೊಂಡಿತು.

ನಾನು ಊರಿಗೆ ಬಂದ ಮೇಲೆ, ಅಕ್ಟೋಬರಿನಲ್ಲಿ, ದೋಣಿ ಮೇಲೆ ಎಳೆದ ದಿನ ಫೋನು ಮಾಡಿದ್ದಳು. ಎರಡನ್ನೂ ಪೂರ್ತಿ ಚಾರ್ಜು ಮಾಡಿ, ತಂತಿ ಬಿಚ್ಚಿ, ನೆಲಮಾಳಿಗೆಗೆ ಇಳಿಸಿದ್ದಾಳಂತೆ. ಎರಡು ತಿಂಗಳಿಗೊಮ್ಮೆ ಅಳೆದು ಬರೆದಿಡುತ್ತಾಳಂತೆ. ಸಿಮೆಂಟು ನೆಲದ ಮೇಲೆ ಇಟ್ಟರೆ ಬ್ಯಾಟರಿ ಇಳಿದು ಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳಿದ್ದಾರೆ, ಹಲಗೆ ಹಾಕಲೇ ಎಂದು ಕೇಳಿದಳು. ಅದು ಮರದ, ರಬ್ಬರಿನ ಡಬ್ಬಿಗಳಿದ್ದ ಕಾಲದ ಮಾತು, ಈಗಿನ ಪ್ಲಾಸ್ಟಿಕ್ಕಿಗೆ ಅದೇನೂ ಆಗುವುದಿಲ್ಲ ಅಂದೆ. ಹಲಗೆ ಆಗಲೇ ಹಾಕಿಯಾಗಿದೆ ಅಂದಳು. ಇರಲಿ ಬಿಡು, ನೆಲ ಒರೆಸುವಾಗ ಅನುಕೂಲ ಅಂದೆ.